ಡಬ್ಬಿಯೋ ಬ್ಲಿಸ್ಟರೋ? ಪೂರಕ ಆಹಾರದ ಗುಳಿಗೆಗೆ ಪ್ಯಾಕಿಂಗ್ ಆರಿಸುವಾಗ

ನಮ್ಮ ಮೊದಲ ಬ್ಯಾಚಿನ ನುಗ್ಗೆಸೊಪ್ಪಿನ ಗುಳಿಗೆಗಳನ್ನು ಪಾರದರ್ಶಕ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಡಬ್ಬಿಗೆ ತುಂಬಿದ್ದೆವು. ಕಾರಣ ಒಂದೇ, ಚೆಂದ ಕಾಣುತ್ತಿತ್ತು. ಹಸಿರು ಗುಳಿಗೆ ಹೊರಗಿನಿಂದಲೇ ಕಂಡರೆ ಗಿರಾಕಿಗೆ ನಂಬಿಕೆ ಬರುತ್ತದೆ ಅಂತ ನಮ್ಮ ಲೆಕ್ಕ. ಎರಡು ತಿಂಗಳಿಗೆ ಗದಗಿನ ಅಂಗಡಿಯವರ ಫೋನು ಬಂತು. "ಅಣ್ಣಾರ, ನಿಮ್ಮ ಗುಳಿಗಿ ಒಣಾ ಹುಲ್ಲಿನ ಬಣ್ಣಕ್ಕ ಬಂದಾವ್ರಿ. ಮಂದಿ ಹಳೇ ಮಾಲು ಅಂತಾರ." ಹೋಗಿ ನೋಡಿದೆ. ಡಬ್ಬಿಗಳನ್ನು ರಸ್ತೆ ಕಡೆಯ ಗಾಜಿನ ಶೋಕೇಸಿನಲ್ಲಿ ಸಾಲಾಗಿ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ. ಅದೇ ಬ್ಯಾಚಿನ ಮಾಲು ಹುಬ್ಬಳ್ಳಿಯ ನಮ್ಮ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಹಸಿರಾಗಿಯೇ ಇತ್ತು.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಅಲ್ಲಿ ಬಣ್ಣಕ್ಕೇ ಬೆಲೆ. ಆ ಬಣ್ಣ ಉಳಿಯಲಿ ಅಂತಲೇ ಕಾಯಿಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ಬೆಳಕು ಮತ್ತು ಬಿಸಿ ಬಣ್ಣ ತಿನ್ನುತ್ತವೆ ಅನ್ನುವುದು ಹಾವೇರಿ ಕಡೆಯವರಿಗೆ ಹೊಸ ಮಾತಲ್ಲ. ನಮಗೆ ಹೊಸದಾಗಿತ್ತು.

ಆ ಮೇಲೆ ಇನ್ನೊಂದೆರಡು ಸಲ ಕೈ ಸುಟ್ಟುಕೊಂಡೆವು. ಈಗ ಯಾರಾದರೂ ಬಂದು "ಯಾವ ಪ್ಯಾಕಿಂಗ್ ಒಳ್ಳೆಯದು?" ಅಂತ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಗಿರಾಕಿ ಅದನ್ನು ತೆರೆದ ದಿನದಿಂದ ಖಾಲಿ ಮಾಡುವ ದಿನದವರೆಗೆ ಒಳಗಿನ ಗುಳಿಗೆಗೆ ಏನಾಗುತ್ತದೆ? ಮುಚ್ಚಿದ ಪ್ಯಾಕು ಹೇಗಿದೆ ಅಂತ ಎಲ್ಲರೂ ನೋಡುತ್ತಾರೆ. ತೆರೆದ ಪ್ಯಾಕಿನ ಕಡೆ ನೋಡುವವರು ಕಡಿಮೆ. ಈ ಬರಹ ಆ ಕಡೆಯಿಂದ ಬರೆದದ್ದು.

ನಿಮ್ಮ ಗುಳಿಗೆ ಯಾವುದಕ್ಕೆ ಹೆದರುತ್ತದೆ?

ಎಲ್ಲ ಗುಳಿಗೆಗಳೂ ಒಂದೇ ಥರ ಅಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆ ಗಟ್ಟಿ ಜೀವ. ತೇವಕ್ಕೂ ಬೆಳಕಿಗೂ ಅಷ್ಟು ಬೇಗ ಬಗ್ಗುವುದಿಲ್ಲ. ಅದರ ತೊಂದರೆ ಬೇರೆ: ದೊಡ್ಡದು, ಭಾರ, ಅಲುಗಾಡಿದರೆ ಅಂಚು ಒಡೆಯುತ್ತದೆ. ವಿಟಮಿನ್ ಸಿ ಇರುವ ಗುಳಿಗೆ ತೇವ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರ ಜೊತೆ ಕಬ್ಬಿಣಾಂಶವೂ ಇದ್ದರೆ ಚುಕ್ಕೆ ಚುಕ್ಕೆಯಾಗಿ ಕಾಣುವುದುಂಟು. ನುಗ್ಗೆಸೊಪ್ಪು, ಸ್ಪಿರುಲಿನಾ ಪಾಚಿಯಂಥ ಹಸಿರು ಪುಡಿಯ ಗುಳಿಗೆಗಳಿಗೆ ಬೆಳಕೂ ಆಗದು, ತೇವವೂ ಆಗದು. ಸಾರ್ಬಿಟಾಲ್ ಅನ್ನುವ ಸಿಹಿ ಹಾಕಿದ ಚಪ್ಪರಿಸುವ ಗುಳಿಗೆ ಗಾಳಿಯಿಂದ ನೀರು ಎಳೆದುಕೊಂಡು ಅಂಟಂಟಾಗುತ್ತದೆ. ಪ್ರೊಬಯಾಟಿಕ್ ಗುಳಿಗೆಯಲ್ಲಿ ಇರುವುದು ಜೀವಂತ ಸೂಕ್ಷ್ಮಾಣು. ತೇವ ಒಳಬಂದರೆ ಅವು ಸಾಯುತ್ತಾ ಹೋಗುತ್ತವೆ, ಮತ್ತು ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ನಾಜೂಕು ನೀರಿನಲ್ಲಿ ಬುರುಗು ಬರುವ ಗುಳಿಗೆ. ಅದರಲ್ಲಿ ಸಿಟ್ರಿಕ್ ಆಮ್ಲ ಮತ್ತು ಸೋಡಾ ಎರಡೂ ಒಟ್ಟಿಗೇ ಕೂತಿರುತ್ತವೆ, ನೀರಿಗಾಗಿ ಕಾಯುತ್ತಾ. ಸ್ವಲ್ಪ ತೇವ ಸಿಕ್ಕರೂ ಸಾಕು, ಲೋಟಕ್ಕೆ ಬೀಳುವ ಮೊದಲೇ ಪ್ಯಾಕಿನೊಳಗೆ ಕೆಲಸ ಶುರು. ಪ್ಯಾಕು ಉಬ್ಬಿಕೊಂಡಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಊರು ಊರಿಗೂ ವ್ಯತ್ಯಾಸ ಇದೆ. ಜುಲೈನಲ್ಲಿ ಧಾರವಾಡದ ಮನೆಯೊಂದರಲ್ಲಿ ಖಡಕ್ ರೊಟ್ಟಿಯನ್ನು ಹೊರಗಿಟ್ಟು ನೋಡಿ, ಸಂಜೆಗೆ ಮೆತ್ತಗಾಗಿರುತ್ತದೆ. ಗಿರ್ಮಿಟ್ ಮಾಡಲು ತಂದ ಚುರುಮುರಿಯದೂ ಅದೇ ಕತೆ. ಗದಗ ಬಯಲುಸೀಮೆ, ಅಲ್ಲಿ ಅಷ್ಟು ತೊಂದರೆ ಇಲ್ಲ. ಆದರೆ ಏಪ್ರಿಲ್‌ನ ಬಿಸಿಲಿದೆಯಲ್ಲ! ಒಂದೇ ಮಾಲು ಎರಡೂ ಕಡೆ ಹೋಗುತ್ತದೆ ಅಂದರೆ ಎರಡನ್ನೂ ತಡೆಯುವ ಪ್ಯಾಕು ಬೇಕು.

ಡಬ್ಬಿ

ಸಣ್ಣದಾಗಿ ಶುರು ಮಾಡುವವರಿಗೆ ನನ್ನ ಮೊದಲ ಮಾತು ಬಿಳಿ ಎಚ್‌ಡಿಪಿಇ ಡಬ್ಬಿ, ಅಂದರೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು. ನೋಡಲು ಸಪ್ಪೆ, ಒಪ್ಪುತ್ತೇನೆ. ಆದರೆ ಬೆಳಕು ತಡೆಯುತ್ತದೆ, ಬಿದ್ದರೆ ಒಡೆಯುವುದಿಲ್ಲ, ತೇವ ತಡೆಯುವುದರಲ್ಲಿ ಪೆಟ್‌ಗಿಂತ ಮೇಲು. ಪೆಟ್‌ನ ಬಲ ಆಮ್ಲಜನಕ ತಡೆಯುವುದರಲ್ಲಿದೆ. ನಮ್ಮ ಮಳೆಗಾಲಕ್ಕೆ ಮೊದಲು ಬೇಕಾದದ್ದು ತೇವದ ತಡೆ. ಪೆಟ್ ಬೇಕೇ ಬೇಕು ಅಂದರೆ ಜೇನುಬಣ್ಣದ್ದು ತಗೊಳ್ಳಿ, ಹೊರಗೊಂದು ರಟ್ಟಿನ ಪೆಟ್ಟಿಗೆ ಕೊಡಿ. ಗಾಜಿನ ಬಾಟಲಿಯ ಗೋಡೆಯಿಂದ ಏನೂ ಒಳಗೆ ಹೋಗುವುದಿಲ್ಲ. ಆದರೆ ಹುಬ್ಬಳ್ಳಿಯಿಂದ ಹೊರಡುವ ಪಾರ್ಸಲ್ ಲಾರಿಯಲ್ಲಿ ಅದರ ಮೇಲೆ ಇನ್ನೇನು ಹೇರುತ್ತಾರೋ ಹೇಳಲಾಗದು. ಸಾಗಣೆ ಖರ್ಚೂ ಜಾಸ್ತಿ. ನಾನು ಗಾಜಿನ ಕಡೆ ಹೋಗಿಲ್ಲ.

ಡಬ್ಬಿಗಿಂತ ಮುಚ್ಚಳ ಮುಖ್ಯ. ಮುಚ್ಚಳದೊಳಗೆ ಒಂದು ಫಾಯಿಲ್ ಬಿಲ್ಲೆ ಇರುತ್ತದೆ. ಇಂಡಕ್ಷನ್ ಯಂತ್ರದ ಕೆಳಗೆ ಹಿಡಿದರೆ ಫಾಯಿಲ್ ಮಾತ್ರ ಬಿಸಿಯಾಗಿ ಡಬ್ಬಿಯ ಬಾಯಿಗೆ ಅಂಟಿಕೊಳ್ಳುತ್ತದೆ. ಸಣ್ಣ ಘಟಕಗಳಿಗೆ ಕೈಯಲ್ಲಿ ಹಿಡಿಯುವ ಯಂತ್ರವೂ ಸಿಗುತ್ತದೆ. ಒಮ್ಮೆ ನಾವು ಈ ಸೀಲ್ ಹಾಕದೆ, ಸುಮ್ನೆ ಮುಚ್ಚಳ ಬಿಗಿದು ಒಂದು ಲೋಡು ಕಳಿಸಿದ್ದೆವು. ದಾರಿಯ ಅದುರಾಟಕ್ಕೆ ಎಷ್ಟೋ ಮುಚ್ಚಳ ಸಡಿಲಾಗಿ, ಮಳೆಯಲ್ಲಿ ಮಾಲು ಹಾಳಾಯಿತು. ಅಂಗಡಿಯವರು ವಾಪಸ್ ಕಳಿಸಿದರು. ಅವರದೇನೂ ತಪ್ಪಿರಲಿಲ್ಲ.

ಈಗ ತೆರೆದ ಮೇಲಿನ ಮಾತು. ಸೀಲ್ ಕಿತ್ತ ಕ್ಷಣದಿಂದ ಆ ಡಬ್ಬಿಗೆ ಮುಚ್ಚಳವೊಂದೇ ದಿಕ್ಕು. ದಿನಕ್ಕೆರಡು ಸಲ, 30 ದಿನ ತೆರೆದರೆ 60 ಸಲ ಹೊರಗಿನ ಗಾಳಿ ಒಳಗೆ ಹೋಗಿ ಬರುತ್ತದೆ. ಅದಕ್ಕೇ ತೇವ ಹೀರುವ ಸಿಲಿಕಾ ಜೆಲ್ ಹಾಕುವುದು. ಅದು ಚೆನ್ನಾಗಿ ತೇವ ಇರುವ ಗಾಳಿಯಲ್ಲಿ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ನೀರು ಹಿಡಿದುಕೊಳ್ಳುತ್ತದೆ. ಅಂದರೆ 1 ಗ್ರಾಂ ಚೀಲ ಹಿಡಿಯುವುದು ಮೂರನೇ ಒಂದು ಗ್ರಾಂ ನೀರು, ಅಷ್ಟೇ. ಅದು ತುಂಬಿದ ಮೇಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾವು ಚೀಲ ಬಿಟ್ಟು ಗಟ್ಟಿ ಉರುಳೆಯಂಥ ಕ್ಯಾನಿಸ್ಟರಿಗೆ ಬಂದೆವು. ಚೀಲವನ್ನು ಹರಿದು ಮಸಾಲೆ ಪುಡಿ ಅಂದುಕೊಂಡ ಅಜ್ಜಿಯೊಬ್ಬರ ಕತೆ ಕೇಳಿದ ಮೇಲೆ. ಚೀಲವೋ ಕ್ಯಾನಿಸ್ಟರೋ, "ತಿನ್ನಬೇಡಿ" ಅಂತ ಕನ್ನಡದಲ್ಲಿ ಬರೆಸಿ. ಬಣ್ಣ ಬದಲಿಸುವ ನೀಲಿ ಸಿಲಿಕಾ ಮಾತ್ರ ಬೇಡ. ಆ ನೀಲಿ ಸಾಮಾನ್ಯವಾಗಿ ಕೋಬಾಲ್ಟ್ ಕ್ಲೋರೈಡಿನದು, ಆಹಾರದ ಹತ್ತಿರ ಅದಕ್ಕೆ ಜಾಗವಿಲ್ಲ.

ಇನ್ನೊಂದು ಸಂಗತಿ. ಅರ್ಧ ಖಾಲಿ ಇರುವ ದೊಡ್ಡ ಡಬ್ಬಿ ಕೊಡಬೇಡಿ. ಗಿರಾಕಿಗೆ ಮೋಸ ಅನ್ನಿಸುತ್ತದೆ. ಒಳಗೆ ಗುಳಿಗೆಗಳು ಗಲಗಲ ಅಲುಗಾಡಿ ಪುಡಿ ಬಿಡುತ್ತವೆ. ಹೆಚ್ಚು ಗಾಳಿಗೂ ಜಾಗ ಕೊಟ್ಟಂತಾಯಿತು.

ಬ್ಲಿಸ್ಟರ್, ಅಲು-ಅಲು, ಸ್ಟ್ರಿಪ್

ಈ ಮೂರನ್ನೂ ನಮ್ಮ ಕಡೆ "ಸ್ಟ್ರಿಪ್" ಅಂತಲೇ ಕರೆಯುತ್ತಾರೆ. ಆರ್ಡರ್ ಕೊಡುವಾಗ ಇದರಿಂದ ಗೊಂದಲ ಆಗುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಗುಳಿ, ಹಿಂದೆ ಅಲ್ಯೂಮಿನಿಯಂ ಹಾಳೆ ಇದ್ದರೆ ಅದು ಬ್ಲಿಸ್ಟರ್. ಪ್ಲಾಸ್ಟಿಕ್ ಸಾಮಾನ್ಯವಾಗಿ 250 ಮೈಕ್ರಾನಿನ (ಅಂದರೆ ಕಾಲು ಮಿಲಿಮೀಟರಿನ) ಪಿವಿಸಿ, ಹಿಂದಿನ ಹಾಳೆ 20ರಿಂದ 25 ಮೈಕ್ರಾನ್. ಎರಡೂ ಕಡೆ ಅಲ್ಯೂಮಿನಿಯಂ ಇದ್ದು, ಒಂದು ಕಡೆ ಗುಳಿ ಒತ್ತಿದ್ದರೆ ಅಲು-ಅಲು. ಎರಡು ತೆಳು ಫಾಯಿಲ್‌ಗಳ ನಡುವೆ ಗುಳಿಗೆ ಇಟ್ಟು ಸುತ್ತಲೂ ಬಿಸಿಯಿಂದ ಒತ್ತಿದ್ದರೆ ಅದು ನಿಜವಾದ ಸ್ಟ್ರಿಪ್, ಹರಿದು ತೆಗೆಯುವಂಥದ್ದು.

ಸಾದಾ ಪಿವಿಸಿ ಬ್ಲಿಸ್ಟರ್ ಅಗ್ಗ. ಆದರೆ ಪಿವಿಸಿ ಮೂಲಕ ತೇವ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವ ತೂತು ಬೇಕಿಲ್ಲ. ಬೆಳಕನ್ನಂತೂ ತಡೆಯುವುದೇ ಇಲ್ಲ. ಕ್ಯಾಲ್ಸಿಯಂಗೆ ಸಾಕು, ಸೊಪ್ಪಿನ ಗುಳಿಗೆಗೆ ಸಾಲದು. ಪಿವಿಸಿ ಮೇಲೆ ಪಿವಿಡಿಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಲೇಪ ಕೊಟ್ಟದ್ದು ಸಿಗುತ್ತದೆ. ತೇವ ಹಾಯುವುದು ಹಲವು ಪಟ್ಟು ಇಳಿಯುತ್ತದೆ, ಬೆಲೆ ಅಲು-ಅಲುಗಿಂತ ಕಡಿಮೆ. ನಡುವಿನ ದಾರಿ ಬೇಕಾದವರಿಗೆ ಇದು ಸರಿ.

ಅಲು-ಅಲು ತಡೆಯಲಾಗದ್ದು ಕಡಿಮೆ. ಬೆಳಕು, ತೇವ, ಗಾಳಿ ಮೂರಕ್ಕೂ ಬಾಗಿಲು ಮುಚ್ಚಿದಂತೆ. ಆದರೆ ಅಲ್ಯೂಮಿನಿಯಂ ಪ್ಲಾಸ್ಟಿಕ್ಕಿನಂತೆ ಬಿಸಿಗೆ ಹಿಗ್ಗುವುದಿಲ್ಲ, ತಣ್ಣಗಿರುವಾಗಲೇ ಒತ್ತಿ ಗುಳಿ ಮಾಡಬೇಕು. ಗುಳಿ ಅಗಲವಾಗಿಯೇ ಬೇಕಾಗುತ್ತದೆ. ಹಾಗಾಗಿ ಅಷ್ಟೇ 10 ಗುಳಿಗೆಗೆ ಹಾಳೆ ದೊಡ್ಡದು, ಪೆಟ್ಟಿಗೆಯೂ ದೊಡ್ಡದು. ಎಲ್ಲ ಖರ್ಚೂ ಒಂದರ ಹಿಂದೆ ಒಂದು ಏರುತ್ತದೆ.

ಆದರೆ ಇವೆಲ್ಲಕ್ಕೂ ಇರುವ ದೊಡ್ಡ ಗುಣ ತೆರೆದ ಮೇಲೆಯೇ ಕಾಣುವುದು. ಒಂದು ಗುಳಿಗೆ ತೆಗೆದರೆ ಉಳಿದ ಒಂಬತ್ತು ಮುಚ್ಚಿಯೇ ಇರುತ್ತವೆ. ಡಬ್ಬಿಗೆ ಇದು ಸಾಧ್ಯವೇ ಇಲ್ಲ. ಪ್ರೊಬಯಾಟಿಕ್‌ಗೆ, ಆಗೊಮ್ಮೆ ಈಗೊಮ್ಮೆ ತಿನ್ನುವ ಗುಳಿಗೆಗೆ, ಪ್ರಯಾಣದಲ್ಲಿ ಜೇಬಿಗೆ ಹಾಕಿಕೊಳ್ಳುವ ಗುಳಿಗೆಗೆ ನಾನು ಡಬ್ಬಿ ಹೇಳುವುದಿಲ್ಲ.

ಒಂದು ಕಿರಿಕಿರಿ ಇದೆ. ಮೆಡಿಕಲ್ ಅಂಗಡಿಯಲ್ಲಿ ನಾಲ್ಕು ಗುಳಿಗೆ ಸಾಕು ಅಂದರೆ ಕತ್ತರಿ ತಗೊಂಡು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಒಂದು ತುದಿಯಲ್ಲಿ ಮಾತ್ರ ಒತ್ತಿದ್ದರೆ ಅದು ಅಂಗಡಿಯಲ್ಲೇ ಉಳಿಯುತ್ತದೆ, ಗುಳಿಗೆ ಮನೆಗೆ ಹೋಗುತ್ತದೆ. ಸಾಧ್ಯವಿದ್ದರೆ ಹೆಸರನ್ನಾದರೂ ಪ್ರತಿ ಗುಳಿಯ ಹಿಂದೆ ಬರುವಂತೆ ಹಾಳೆ ಮಾಡಿಸಿ.

ಸೋರಿಕೆ ಪರೀಕ್ಷೆ ಕೇಳದೆ ಮಾಲು ತಗೊಳ್ಳಬೇಡಿ. ನೀಲಿ ಬಣ್ಣದ ನೀರಿನಲ್ಲಿ ಸ್ಟ್ರಿಪ್ ಮುಳುಗಿಸಿ, ಮೇಲಿನ ಗಾಳಿ ಎಳೆದು, ಮತ್ತೆ ಬಿಡುತ್ತಾರೆ. ಎಲ್ಲಿ ಸೀಲ್ ಸರಿಯಿಲ್ಲವೋ ಅಲ್ಲಿ ನೀಲಿ ಒಳಗೆ ನುಗ್ಗಿರುತ್ತದೆ. ನಮಗೊಮ್ಮೆ ಬೇರೆ ಕಡೆ ಪ್ಯಾಕ್ ಮಾಡಿಸಿದ ವಿಟಮಿನ್ ಸಿ ಸ್ಟ್ರಿಪ್‌ಗಳು ಅಂಚಿನ ಸಾಲಿನಲ್ಲಿ ಮಾತ್ರ ಕಂದಾಗಿ ಬಂದವು. ಅಂಚಿನ ಸೀಲ್ ಕೂತಿರಲಿಲ್ಲ. ಪರೀಕ್ಷೆ ನಾವು ಕೇಳಿರಲಿಲ್ಲ, ಅವರು ಮಾಡಿರಲಿಲ್ಲ.

ಟ್ಯೂಬ್ ಮತ್ತು ಪೌಚ್

ಬುರುಗಿನ ಗುಳಿಗೆಗೆ ಉದ್ದನೆಯ ಪಾಲಿಪ್ರೊಪಿಲೀನ್ ಟ್ಯೂಬ್ ಇದೆಯಲ್ಲ, ಅದನ್ನು ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ಮುಚ್ಚಳದೊಳಗೇ ತೇವ ಹೀರುವ ವಸ್ತು ಇರುತ್ತದೆ. ಮುಚ್ಚಳದ ಕೆಳಗಿನ ಸುರುಳಿ ಗುಳಿಗೆಗಳನ್ನು ಒತ್ತಿ ಹಿಡಿದು ಒಡೆಯದಂತೆ ನೋಡಿಕೊಳ್ಳುತ್ತದೆ. ಒಂದು ಟ್ಯೂಬಿನಲ್ಲಿ 10, 15 ಅಥವಾ 20 ಗುಳಿಗೆ, ಬೇಗ ಮುಗಿಯುತ್ತದೆ. ಬುರುಗಿನ ಗುಳಿಗೆಗೆ ಇದು, ಅಥವಾ ಒಂದೊಂದನ್ನೇ ಫಾಯಿಲ್‌ನಲ್ಲಿ ಸೀಲ್ ಮಾಡುವುದು. ಮೂರನೆಯದನ್ನು ಯೋಚಿಸಬೇಡಿ.

ಜಿಪ್ ಪೌಚ್ ಅಗ್ಗ, ಹಗುರ, ಕೊರಿಯರ್‌ಗೆ ಅನುಕೂಲ. ಆದರೆ ಎರಡು ವಾರಕ್ಕೆ ಜಿಪ್‌ನ ಸಂದಿಯಲ್ಲಿ ಗುಳಿಗೆಯ ಪುಡಿ ಕೂತು ಸರಿಯಾಗಿ ಮುಚ್ಚುವುದಿಲ್ಲ. ಮೊದಲೇ ಡಬ್ಬಿ ಇರುವ ಗಿರಾಕಿಗೆ ಮರುಭರ್ತಿಗೆ ಕೊಡಿ. ಅದೊಂದೇ ಪ್ಯಾಕಾಗಿ ಕೊಡುವುದು ನನಗೆ ಇಷ್ಟವಿಲ್ಲ.

ದಿನಕ್ಕೆ ಎಷ್ಟು ಗುಳಿಗೆ?

ಇದನ್ನು ಮೊದಲೇ ಲೆಕ್ಕ ಹಾಕಿದ್ದರೆ ನಮ್ಮ ಅರ್ಧ ತಲೆನೋವು ತಪ್ಪುತ್ತಿತ್ತು. ಬಿ12ನಂಥ ಗುಳಿಗೆ ದಿನಕ್ಕೊಂದು. ತಿಂಗಳಿಗೆ 30, ಅಂದರೆ 10ರ ಮೂರು ಸ್ಟ್ರಿಪ್. ಚಿಕ್ಕ ಪೆಟ್ಟಿಗೆ, ಅಚ್ಚುಕಟ್ಟು. ನಮ್ಮ ನುಗ್ಗೆ ಗುಳಿಗೆ 500 ಮಿಲಿಗ್ರಾಂನದು, ಬೆಳಿಗ್ಗೆ ಮೂರು, ರಾತ್ರಿ ಮೂರು. ತಿಂಗಳಿಗೆ 180. ಸ್ಟ್ರಿಪ್ ಮಾಡಿದರೆ 18 ಸ್ಟ್ರಿಪ್! ಒಬ್ಬ ಮನುಷ್ಯ ದಿನಕ್ಕೆ ಆರು ಸಲ ಟಪ್ ಟಪ್ ಅಂತ ಒತ್ತಿ ತೆಗೆಯಬೇಕು. ಗುಳಿಗೆಗಿಂತ ಪ್ಯಾಕಿಂಗ್ ದುಬಾರಿ ಆಗುತ್ತದೆ. ಹಾಗಾಗಿ ಬೆಲೆ ಹೋಲಿಸುವಾಗ ಒಂದು ಗುಳಿಗೆಗೆ ಎಷ್ಟು ಅಂತ ನೋಡಬೇಡಿ. ಗಿರಾಕಿಯ ಒಂದು ದಿನಕ್ಕೆ ಪ್ಯಾಕಿಂಗ್ ಖರ್ಚು ಎಷ್ಟು ಬೀಳುತ್ತದೆ ಅಂತ ನೋಡಿ.

ತಿನ್ನುವವರ ಕೈಯನ್ನೂ ನೋಡಿ. ಮೊಣಕಾಲು ನೋವಿನ ಗುಳಿಗೆ ತಗೊಳ್ಳುವವರು ಬಹಳ ಮಟ್ಟಿಗೆ ವಯಸ್ಸಾದವರು, ಬೆರಳಿಗೂ ನೋವಿರುತ್ತದೆ. ಗಟ್ಟಿ ಅಲು-ಅಲು ಒತ್ತಲು ಆಗದೆ ಚಾಕು ತಗೊಳ್ಳುತ್ತಾರೆ. ಇನ್ನೊಂದು ಕಡೆ, ಕಬ್ಬಿಣಾಂಶದ ಗುಳಿಗೆಯನ್ನು ಮಗು ಹಿಡಿಗಟ್ಟಲೆ ತಿಂದರೆ ಜೀವಕ್ಕೇ ಅಪಾಯ. ಅದಕ್ಕೆ ಸಡಿಲ ಮುಚ್ಚಳದ ಡಬ್ಬಿ ಕೊಡಲೇಬಾರದು. ಒತ್ತಿ ತಿರುಗಿಸುವ ಮುಚ್ಚಳ, ಇಲ್ಲವೇ ಬ್ಲಿಸ್ಟರ್.

ಮುದ್ರಣ ಮತ್ತು ಕಾಗದಪತ್ರ

ಡಬ್ಬಿಗೆ ಅಂಟಿಸುವ ಲೇಬಲ್ಲನ್ನು ಕೆಲವು ನೂರರಷ್ಟೂ ಮಾಡಿಸಬಹುದು. ಮುದ್ರಣಕ್ಕೆ ಹೆಸರಾದ ಗದಗ ಪಕ್ಕದಲ್ಲೇ ಇದೆ, ಪೆಟ್ಟಿಗೆ, ಲೇಬಲ್ ಎರಡಕ್ಕೂ ದೂರ ಹೋಗಬೇಕಿಲ್ಲ. ಬ್ಲಿಸ್ಟರ್ ಫಾಯಿಲ್ ಹಾಗಲ್ಲ. ಗ್ರಾವ್ಯೂರ್ ಮುದ್ರಣವಾದರೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು, ಫಾಯಿಲ್ಲನ್ನು ಕಿಲೋಗಟ್ಟಲೆ ತಗೊಳ್ಳಬೇಕು. ಗುಳಿಗೆಯ ಗಾತ್ರ ಬದಲಾದರೆ ಅಚ್ಚೂ ಹೊಸದು. ವಿಳಾಸ ಬದಲಾಯಿತು ಅನ್ನಿ, ಉಳಿದ ಫಾಯಿಲ್ ಗುಜರಿಗೆ. ಮೊದಲ ವರ್ಷ ಲೇಬಲ್ಲಿನಲ್ಲಿ ಏನಾದರೊಂದು ಬದಲಾಗಿಯೇ ಆಗುತ್ತದೆ. ಹೊಸಬರು ಡಬ್ಬಿಯಿಂದ ಶುರು ಮಾಡಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಲೇಬಲ್ಲಿಗೆ ಜಾಗ ಬೇಕು, ಅದನ್ನು ಮರೆಯಬೇಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನ್ಯೂಟ್ರಾಸ್ಯುಟಿಕಲ್ (ಪೂರಕ ಆಹಾರ) ನಿಯಮಗಳ ಪ್ರಕಾರ ಇದು ಆರೋಗ್ಯ ಪೂರಕ ಅಂತ, ಔಷಧವಾಗಿ ಬಳಸಲು ಅಲ್ಲ ಅಂತ ಎದ್ದು ಕಾಣುವಂತೆ ಬರೆಯಬೇಕು. ದಿನಕ್ಕೆ ಎಷ್ಟು, ಅದಕ್ಕಿಂತ ಹೆಚ್ಚು ಬೇಡ, ಮಕ್ಕಳ ಕೈಗೆ ಸಿಗದಂತಿಡಿ ಅನ್ನುವುದೂ ಬರಬೇಕು. 14 ಅಂಕಿಯ ಲೈಸೆನ್ಸ್ ನಂಬರು, ಸಸ್ಯಾಹಾರದ ಹಸಿರು ಗುರುತು, ಎಂಆರ್‌ಪಿ, ಪದಾರ್ಥಗಳ ಪಟ್ಟಿ, ಇವೆಲ್ಲ ಇದ್ದದ್ದೇ. ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು. ಜೊತೆಗೆ ಕನ್ನಡವನ್ನೂ ಹಾಕಿ. 30 ಗುಳಿಗೆಯ ಚಿಕ್ಕ ಡಬ್ಬಿ ಆರಿಸಿ ಆಮೇಲೆ ಅಕ್ಷರವನ್ನು ಇರುವೆಯಷ್ಟು ಮಾಡಿದರೆ ಯಾರು ಓದುತ್ತಾರೆ?

ಡಬ್ಬಿ ಮಾರುವವರು "ಫುಡ್ ಗ್ರೇಡ್ ಐತ್ರಿ" ಅಂದರೆ ತಲೆಯಾಡಿಸಿ ಬರಬೇಡಿ, ಯಾವ ಭಾರತೀಯ ಮಾನಕಕ್ಕೆ (ಐಎಸ್) ಹೊಂದುತ್ತದೆ ಅನ್ನುವ ಕಾಗದ ಕೇಳಿ. ಪಾಲಿಎಥಿಲೀನ್‌ಗೆ ಐಎಸ್ 10146, ಪಿವಿಸಿಗೆ ಐಎಸ್ 10151, ಪಾಲಿಪ್ರೊಪಿಲೀನ್‌ಗೆ ಐಎಸ್ 10910, ಪೆಟ್‌ಗೆ ಐಎಸ್ 12252. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಅಂಶ ಒಟ್ಟು ಕಿಲೋಗೆ 60 ಮಿಲಿಗ್ರಾಂ ದಾಟಬಾರದು ಅಂತ 2018ರ ಪ್ಯಾಕೇಜಿಂಗ್ ನಿಯಮ ಹೇಳುತ್ತದೆ. ಈ ಅಂಕಿ ಹೇಳಿ ಕೇಳಿದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ, ನಾನು ನೋಡಿದ್ದೇನೆ.

ಖಾಲಿಯಾದ ಮೇಲೆ ಎಚ್‌ಡಿಪಿಇ, ಪೆಟ್ ಡಬ್ಬಿಗಳನ್ನು ಗುಜರಿಯವರು ತಗೊಳ್ಳುತ್ತಾರೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಅಂಟಿಕೊಂಡ ಬ್ಲಿಸ್ಟರ್ ಅವರಿಗೆ ಬೇಡ.

ಉಪ್ಪಿನ ಡಬ್ಬಿಯ ಪರೀಕ್ಷೆ

ಎಷ್ಟೇ ಓದಿದರೂ ನಿಮ್ಮ ಗುಳಿಗೆಗೆ ಯಾವುದು ಸರಿ ಅನ್ನುವುದನ್ನು ಹಾಕಿ ನೋಡಿಯೇ ತಿಳಿಯಬೇಕು. ಔಷಧ ಕಂಪನಿಗಳು ವೇಗದ ಬಾಳಿಕೆ ಪರೀಕ್ಷೆಗೆ 40 ಡಿಗ್ರಿ ಸೆಲ್ಸಿಯಸ್, ಶೇ 75 ತೇವಾಂಶದ ಕೋಣೆಯಲ್ಲಿ 6 ತಿಂಗಳು ಇಡುತ್ತವೆ. ಆ ಯಂತ್ರ ನಮ್ಮ ಹತ್ತಿರ ಎಲ್ಲಿ ಬರಬೇಕು? ಆದರೆ ಶೇ 75 ತೇವ ಮಾಡಲು ಯಂತ್ರ ಬೇಕಿಲ್ಲ. ಅಡುಗೆ ಉಪ್ಪು ಸಾಕು.

ಗಟ್ಟಿ ಮುಚ್ಚಳದ ದೊಡ್ಡ ಡಬ್ಬಿ ತಗೊಳ್ಳಿ. ತಳದಲ್ಲಿ ಒಂದು ಬಟ್ಟಲು ಉಪ್ಪು ಇಟ್ಟು, ಒದ್ದೆ ಮರಳಿನಂತಾಗುವಷ್ಟು ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು, ಅದೇ ಗುಟ್ಟು. ಕರಗದ ಉಪ್ಪು ಉಳಿದಿರುವವರೆಗೆ ಮುಚ್ಚಿದ ಡಬ್ಬಿಯ ಗಾಳಿಯಲ್ಲಿ ತೇವಾಂಶ ಶೇ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೇಸಿಗೆಯ ಬಿಸಿಗೂ ಅಷ್ಟಾಗಿ ಬದಲಾಗುವುದಿಲ್ಲ. ಬಟ್ಟಲಿನ ಮೇಲೆ ಜಾಲರಿ ಇಟ್ಟು, ಅದರ ಮೇಲೆ ನೀವು ಹೋಲಿಸಬೇಕಾದ ಪ್ಯಾಕುಗಳನ್ನಿಡಿ. ಉಪ್ಪುನೀರು ತಾಗಬಾರದು.

ತೂಕಕ್ಕೆ ಪತ್ತಾರರ ತಕ್ಕಡಿ ಬೇಕು, 0.01 ಗ್ರಾಂ ತೋರಿಸುವಂಥದ್ದು. 500 ಮಿಲಿಗ್ರಾಂನ 10 ಗುಳಿಗೆಯ ಸ್ಟ್ರಿಪ್‌ನಲ್ಲಿ 5 ಗ್ರಾಂ ಮಾಲು ಇರುತ್ತದೆ. ಅದು ಶೇ 2ರಷ್ಟು ನೀರು ಎಳೆದರೆ 0.1 ಗ್ರಾಂ ಏರುತ್ತದೆ, ಆ ತಕ್ಕಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಸಿಲಿಕಾ ಹಾಕಿದ ಡಬ್ಬಿಯನ್ನು ಇಡಿಯಾಗಿ ತೂಗಿದರೆ ಮೋಸ ಹೋಗುತ್ತೀರಿ, ನೀರು ಕುಡಿದದ್ದು ಸಿಲಿಕಾ ಆಗಿರುತ್ತದೆ. ಒಳಗಿನ ಗುಳಿಗೆಗಳನ್ನೇ ತೂಗಿ.

ಈಗ ನನ್ನ ಮುಖ್ಯ ಪ್ರಶ್ನೆಗೆ ಉತ್ತರ ಕೊಡುವ ಭಾಗ. ಮುಚ್ಚಿದ ಪ್ಯಾಕಿನ ಜೊತೆ ತೆರೆದ ಪ್ಯಾಕೊಂದನ್ನೂ ಇಡಿ. ಅದರಿಂದ ದಿನವೂ ಗಿರಾಕಿಯಂತೆಯೇ ಗುಳಿಗೆ ತೆಗೆಯಿರಿ. ನಾವು ಇದನ್ನು ಮಾಡಿದಾಗ ಸೀಲ್ ಇದ್ದ ಎಚ್‌ಡಿಪಿಇ ಡಬ್ಬಿಗೂ ಅಲು-ಅಲುಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೆರೆದ 180ರ ಡಬ್ಬಿಯ ತಳದ ಗುಳಿಗೆಗಳು ಮಾತ್ರ ತಿಂಗಳ ಕೊನೆಗೆ ಉಗುರಿನಲ್ಲಿ ಕೆರೆದರೆ ಪುಡಿ ಬಿಡುತ್ತಿದ್ದವು. ಪ್ಯಾಕು ಕೆಟ್ಟದ್ದಾಗಿರಲಿಲ್ಲ, ದೊಡ್ಡದಾಗಿತ್ತು.

ಲೇಬಲ್ ಮೇಲೆ ಎಕ್ಸ್‌ಪೈರಿ ಹಾಕಲು ಈ ಮನೆ ಪರೀಕ್ಷೆ ಸಾಲದು. ಅದಕ್ಕೆ ಲ್ಯಾಬಿನ ವರದಿಯೇ ಬೇಕು. ಆದರೆ ಲ್ಯಾಬಿಗೆ ಐದು ಬಗೆಯ ಪ್ಯಾಕು ಕಳಿಸುವ ಬದಲು ಎರಡನ್ನು ಕಳಿಸಬಹುದು, ದುಡ್ಡು ಉಳಿಯುತ್ತದೆ.

ಈಗ ನಮ್ಮ ನುಗ್ಗೆ ಗುಳಿಗೆ 90ರ ಬಿಳಿ ಡಬ್ಬಿಯಲ್ಲಿ ಬರುತ್ತದೆ. 15 ದಿನಕ್ಕೆ ಮುಗಿಯುತ್ತದೆ, 30 ಸಲ ತೆರೆದರೆ ಖಾಲಿ. ತಿಂಗಳಿಗೆ ಬೇಕಾದವರಿಗೆ ಎರಡು ಡಬ್ಬಿಯ ಜೋಡಿ ಕೊಡುತ್ತೇವೆ, ಎರಡನೆಯದರ ಸೀಲ್ ಅಲ್ಲಿಯವರೆಗೆ ಹಾಗೇ ಇರುತ್ತದೆ. ವಿಟಮಿನ್ ಸಿ ಅಲು-ಅಲುನಲ್ಲಿ. ಕ್ಯಾಲ್ಸಿಯಂ ಸಾದಾ ಬ್ಲಿಸ್ಟರಿನಲ್ಲಿ. ಗದಗಿನ ಅಂಗಡಿಯವರಿಗೆ ಬಿಳಿ ಡಬ್ಬಿ ಇನ್ನೂ ಒಗ್ಗಿಲ್ಲ. "ಒಳಗೇನೈತಿ ಅಂತ ಮಂದಿಗೆ ಕಾಣಂಗಿಲ್ರಿ" ಅನ್ನುತ್ತಾರೆ. ಹಾಗಾಗಿ ಶೋಕೇಸಿಗೆ ಒಂದು ಪಾರದರ್ಶಕ ಡಬ್ಬಿ ಬೇರೆ ಕೊಟ್ಟಿದ್ದೇವೆ. ಅದರ ಮೇಲೆ "ನೋಡಲು ಮಾತ್ರ, ಮಾರಾಟಕ್ಕಲ್ಲ" ಅಂತ ಬರೆದಿದೆ. ತಿಂಗಳಿಗೊಮ್ಮೆ ಹೋದಾಗ ಒಳಗಿನ ಗುಳಿಗೆ ಬದಲಿಸಿ ಬರುತ್ತೇನೆ.